ತಕರಾರು ಸಲ್ಲಿಸುವವನು ತೆರಿಗೆಗಳ್ಳನಲ್ಲ

ಮನೆ ಕಂದಾಯದ ನೋಟಿಸು ಬಂದ ಕೂಡಲೇ ಹೆದರಿ ದುಡ್ಡು ಹೊಂದಿಸಲು ಓಡಬೇಡಿ, ಮೊದಲು ಲೆಕ್ಕ ನೋಡಿ, ತಪ್ಪು ಕಂಡರೆ ಬರಹದಲ್ಲಿ ತಕರಾರು ಸಲ್ಲಿಸಿ ಸ್ವೀಕೃತಿ ಪಡೆಯಿರಿ. ಬೆಂಗಳೂರಿನ ಆಸ್ತಿ ತೆರಿಗೆ ಕುರಿತ ನನ್ನ ಹಿಂದಿನ ಬರಹದ ಸಾರ ಇಷ್ಟೇ ಇತ್ತು. ಅದಕ್ಕೆ ಬಂದ ಟೀಕೆಗಳ ಕಟ್ಟು ಮಾತ್ರ ಆ ಬರಹಕ್ಕಿಂತ ದಪ್ಪಗಿದೆ. ಕಂದಾಯ ವಿಭಾಗದಲ್ಲಿ ದುಡಿದು ನಿವೃತ್ತರಾದವರೊಬ್ಬರು ನಾನು ಜನರನ್ನು ದಾರಿ ತಪ್ಪಿಸುತ್ತಿದ್ದೇನೆ ಎಂದಿದ್ದಾರೆ. ಅರ್ಥಶಾಸ್ತ್ರ ಕಲಿಸುವ ಮೇಷ್ಟ್ರೊಬ್ಬರು ಅಂಕಿಅಂಶಗಳೊಡನೆ ಪಾಠ ಹೇಳಿದ್ದಾರೆ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರೊಬ್ಬರು ಷಿಕಾಗೋ ನಗರದ ಕಥೆ ಬರೆದು ಎಚ್ಚರಿಸಿದ್ದಾರೆ. ಬಡಾವಣೆಯ ಸಂಘವೊಂದರ ಪದಾಧಿಕಾರಿಯಂತೂ ‘ನಿಮ್ಮಂಥವರಿಂದಲೇ ರಸ್ತೆಯ ಗುಂಡಿ ಮುಚ್ಚುತ್ತಿಲ್ಲ’ ಎಂದು ಒಂದೇ ಸಾಲಿನಲ್ಲಿ ತೀರ್ಪು ಕೊಟ್ಟಿದ್ದಾರೆ. ಎಲ್ಲರಿಗೂ ಇಲ್ಲೇ ಉತ್ತರಿಸುತ್ತೇನೆ.

ಮೇಷ್ಟ್ರ ವಾದ ಎಲ್ಲಕ್ಕಿಂತ ಗಟ್ಟಿಯಾದದ್ದು, ಆದ್ದರಿಂದ ಅದನ್ನೇ ಮೊದಲು ತೆಗೆದುಕೊಳ್ಳೋಣ. ಬೆಂಗಳೂರಿನಲ್ಲಿ ಆಸ್ತಿ ತೆರಿಗೆಯೇ ತೀರ ಕಡಿಮೆ. 2016–17ರ ಕೇಂದ್ರ ಆರ್ಥಿಕ ಸಮೀಕ್ಷೆ ಉಪಗ್ರಹ ಚಿತ್ರಗಳನ್ನು ಮುಂದಿಟ್ಟುಕೊಂಡು ಬೆಂಗಳೂರು ಮತ್ತು ಜೈಪುರ ಎರಡನ್ನೂ ಅಳೆದು, ಇವು ತಮಗೆ ಬರಬಹುದಾದ ಆಸ್ತಿ ತೆರಿಗೆಯಲ್ಲಿ ಶೇ 5ರಿಂದ 20ಕ್ಕಿಂತ ಹೆಚ್ಚು ವಸೂಲು ಮಾಡುತ್ತಿಲ್ಲ ಎಂದು ಹೇಳಿದೆ. ಇಂಥ ಊರಿನಲ್ಲಿ ತಕರಾರು ಹೂಡಿ ಎಂದು ಜನರಿಗೆ ಹೇಳಿಕೊಡುವುದು ಬೇಜವಾಬ್ದಾರಿ. ಇದು ಅವರ ವಾದ. ಸಮೀಕ್ಷೆ ಹಾಗೆ ಹೇಳಿರುವುದು ನಿಜ, ಆ ಅಂಕಿಯ ಬಗ್ಗೆ ನನ್ನ ಜಗಳವಿಲ್ಲ.

ಆದರೆ ಉಳಿದ, ಕನಿಷ್ಠ ಶೇ 80 ಎಲ್ಲಿ ಹೋಯಿತು? ಉಪಗ್ರಹದ ಕಣ್ಣಿಗೆ ಬಿದ್ದ ಕಟ್ಟಡ ಪಾಲಿಕೆಯ ಕಡತಕ್ಕೆ ಬೀಳದೇ ಇದ್ದದ್ದರಲ್ಲಿ ಹೋಯಿತು. ನಾಲ್ಕು ಮಹಡಿ ಕಟ್ಟಿ ಎರಡಕ್ಕೆ ಕಂದಾಯ ಕಟ್ಟುವವರಲ್ಲಿ, ನೆಲಮಾಳಿಗೆಯಲ್ಲಿ ಗೋದಾಮು ನಡೆಸಿ ‘ವಾಹನ ನಿಲುಗಡೆ’ ಎಂದು ಬರೆಯುವವರಲ್ಲಿ, ಖಾತೆಯನ್ನೇ ಮಾಡಿಸದೆ ವರ್ಷಗಟ್ಟಲೆ ಬಾಡಿಗೆ ಎಣಿಸುವವರಲ್ಲಿ ಹೋಯಿತು. ಇವರಲ್ಲಿ ಒಬ್ಬನೂ ನೋಟಿಸಿಗೆ ತಕರಾರು ಸಲ್ಲಿಸುವುದಿಲ್ಲ. ಸಲ್ಲಿಸುವುದು ಹೇಗೆ? ಅವನಿಗೆ ನೋಟಿಸೇ ಹೋಗಿರುವುದಿಲ್ಲ. ನೋಟಿಸು ಹೋಗುವುದು ಆಸ್ತಿ ಗುರುತಿನ (ಪಿಐಡಿ) ಸಂಖ್ಯೆ ಇರುವ, ಪ್ರತಿ ಏಪ್ರಿಲ್‌ನಲ್ಲಿ ಶೇ 5ರ ರಿಯಾಯಿತಿಗೆಂದು ಸಾಲು ನಿಂತು ಕಟ್ಟುವ, ವಿಳಾಸ ಸಿಗುವ ಮನುಷ್ಯನಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದು ಇದಕ್ಕೇ.

ಮೇಷ್ಟ್ರು ಇನ್ನೊಂದು ಕಡೆ ಎಡವಿದ್ದಾರೆ. ತೆರಿಗೆಯ ದರ ಬೇರೆ, ತೆರಿಗೆಯ ನಿರ್ಧರಣೆ ಬೇರೆ. ಚದರಡಿಗೆ ಇಷ್ಟು ಎಂದು ದರ ಗೊತ್ತು ಮಾಡುವುದು ಆಡಳಿತದ ನೀತಿ; ಅದು ಹೆಚ್ಚಾಗಬೇಕೋ ಬೇಡವೋ ಎಂಬುದು ರಾಜಕೀಯ ಚರ್ಚೆ, ಅದನ್ನು ಸಭೆಯಲ್ಲಿ, ಚುನಾವಣೆಯಲ್ಲಿ ಮಾಡೋಣ. ನನ್ನ ಮನೆ 900 ಚದರಡಿಯೋ 1,200 ಚದರಡಿಯೋ, ಕಂದಾಯದ ಲೆಕ್ಕದಲ್ಲಿ ಅದು ‘ಸಿ’ ವಲಯದ ಬೀದಿಯೋ ‘ಡಿ’ ವಲಯದ ಬೀದಿಯೋ, ಅಲ್ಲಿ ನಾನಿದ್ದೇನೆಯೋ ಬಾಡಿಗೆದಾರರಿದ್ದಾರೆಯೋ ಎಂಬುದು ನೀತಿಯಲ್ಲ, ಬರೀ ವಾಸ್ತವ. ಅದನ್ನು ಅಧಿಕಾರಿ ತಪ್ಪಾಗಿ ಬರೆದರೆ ತಿದ್ದಿಸುವುದರಿಂದ ಊರಿನ ಬೊಕ್ಕಸಕ್ಕೆ ನ್ಯಾಯವಾಗಿ ಬರಬೇಕಾದ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ. ದರ ದುಪ್ಪಟ್ಟು ಮಾಡಬೇಕೆಂದು ವಾದಿಸುವವರು ಕೂಡ ಅಳತೆ ಸರಿಯಿರಬೇಕು ಎನ್ನಲೇಬೇಕು. ದರ ಏರಿದಷ್ಟೂ ಅಳತೆಯ ತಪ್ಪಿಗೆ ತೆರಬೇಕಾದ ಬೆಲೆಯೂ ಏರುತ್ತದೆ.

ಇನ್ನು ನಿವೃತ್ತ ಅಧಿಕಾರಿಗಳ ಮಾತು. ‘ಇದು ಸ್ವಯಂ ಘೋಷಣೆ ಪದ್ಧತಿ. ವಿಸ್ತೀರ್ಣ ಬರೆದವರು ನೀವು, ವಲಯ ಬರೆದವರು ನೀವು, ಸಹಿ ಹಾಕಿದವರೂ ನೀವೇ. ಈಗ ತಕರಾರು ಯಾರ ಮೇಲೆ?’ ಕೇಳಲು ಸರಳವಾಗಿದೆ. ಇದಕ್ಕೆ ಉತ್ತರ ಹೇಳಲು ಸ್ವಲ್ಪ ಹಿಂದೆ ಹೋಗಬೇಕು.

2000ಕ್ಕೆ ಮುಂಚೆ ಬೆಂಗಳೂರಿನಲ್ಲಿ ಅಧಿಕಾರಿಗಳು ಮನೆಗೆ ಬಂದು ನೋಡಿ, ಇದಕ್ಕೆ ಇಷ್ಟು ಬಾಡಿಗೆ ಬರಬಹುದು ಎಂದು ಅಂದಾಜಿಸಿ ಕಂದಾಯ ಗೊತ್ತು ಮಾಡುವ ಕ್ರಮವಿತ್ತು. ಆ ಅಂದಾಜು ಎಷ್ಟರಮಟ್ಟಿಗೆ ಮನೆಯನ್ನು ನೋಡಿ ಆಗುತ್ತಿತ್ತು, ಎಷ್ಟರಮಟ್ಟಿಗೆ ಮನೆಯವರ ಮುಖ ನೋಡಿ ಆಗುತ್ತಿತ್ತು ಎಂಬುದು ಆ ಕಾಲದವರಿಗೆಲ್ಲ ಗೊತ್ತು. 2000ದಲ್ಲಿ ಸ್ವಯಂ ಘೋಷಣೆ ಬಂದದ್ದು ಆ ಮುಖ ನೋಡುವ ವ್ಯವಹಾರ ತಪ್ಪಿಸಲು. 2007ರಲ್ಲಿ ಸುತ್ತಲಿನ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳು ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಆಯಿತು. 2008–09ರಿಂದ ಘಟಕ ವಿಸ್ತೀರ್ಣದ ಪದ್ಧತಿ ಜಾರಿಯಾಯಿತು. ನೋಂದಣಿ ಇಲಾಖೆಯ ಮಾರ್ಗಸೂಚಿ ದರದ ಆಧಾರದಲ್ಲಿ ಊರನ್ನೆಲ್ಲ ‘ಎ’ಯಿಂದ ‘ಎಫ್’ ತನಕ ಆರು ವಲಯ ಮಾಡಿದರು. ತಾರಸಿ ಮನೆಯಲ್ಲಿ ಮಾಲೀಕರೇ ವಾಸವಿದ್ದರೆ ತಿಂಗಳಿಗೆ ಚದರಡಿಗೆ ‘ಎ’ ವಲಯದಲ್ಲಿ 2.50 ರೂಪಾಯಿ, ‘ಸಿ’ಯಲ್ಲಿ 1.80, ‘ಡಿ’ಯಲ್ಲಿ 1.60, ‘ಎಫ್’ನಲ್ಲಿ 1 ರೂಪಾಯಿ. ಬಾಡಿಗೆಗೆ ಕೊಟ್ಟಿದ್ದರೆ ಇದರ ಎರಡರಷ್ಟು. ಅದನ್ನು ಹತ್ತು ತಿಂಗಳಿಗೆ ಗುಣಿಸಿ, ಕಟ್ಟಡದ ವಯಸ್ಸಿಗೆ ತಕ್ಕ ಸವಕಳಿ ಕಳೆದು, ಬಂದ ಮೊತ್ತದ ಶೇ 20 ತೆರಿಗೆ. ಸವಕಳಿ ಹೊಸ ಕಟ್ಟಡಕ್ಕೆ ಶೇ 3ರಿಂದ ಶುರುವಾಗಿ ಅರವತ್ತು ವರ್ಷ ದಾಟಿದ ಹಳೆಯ ಮನೆಗೆ ಶೇ 70ರವರೆಗೆ ಹೋಗುತ್ತದೆ. ತೆರಿಗೆಯ ಮೇಲೆ ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಪುನರ್ವಸತಿ ಎಂದು ಉಪಕರಗಳು. (ನಮ್ಮ ಮನೆ ಕಂದಾಯದಲ್ಲಿ ಭಿಕ್ಷುಕರ ಪಾಲೂ ಇದೆ ಎಂದು ಹೇಳಿದಾಗ ನಂಬದವರೇ ಹೆಚ್ಚು, ರಸೀದಿ ತೆಗೆದು ನೋಡಿ.)

ಇದು ಒಳ್ಳೆಯ ಪದ್ಧತಿ. ಗುಣಾಕಾರ ಬರುವ ಯಾರೂ ತಮ್ಮ ಕಂದಾಯ ತಾವೇ ಲೆಕ್ಕ ಹಾಕಬಹುದು. ಎಡವಟ್ಟಾದದ್ದು 2016ರಲ್ಲಿ. ಆ ವರ್ಷ ವಸತಿಗೆ ಶೇ 20, ವಾಣಿಜ್ಯಕ್ಕೆ ಶೇ 25 ದರ ಏರಿತು, ಜೊತೆಗೆ ಮಾರ್ಗಸೂಚಿ ದರ ಬದಲಾಗಿದೆ ಎಂದು ಬೀದಿಗಳ ವಲಯವನ್ನೂ ಮರುವಿಂಗಡಿಸಿದರು. ಎಷ್ಟೋ ಮನೆಗಳು ರಾತ್ರೋರಾತ್ರಿ ಮೇಲಿನ ವಲಯಕ್ಕೆ ಬಡ್ತಿ ಪಡೆದವು, ಮನೆಯವರಿಗೆ ಗೊತ್ತಿಲ್ಲದೆ. ಜನ ಹಿಂದಿನ ವರ್ಷದ ಹಾಗೆಯೇ ಹಳೆಯ ವಲಯದಲ್ಲಿ ಕಟ್ಟಿದರು. ಪಾಲಿಕೆಯ ಕಂಪ್ಯೂಟರ್ ಅದನ್ನು ಒಪ್ಪಿಕೊಂಡಿತು, ರಸೀದಿ ಕೊಟ್ಟಿತು. ಒಂದಲ್ಲ ಎರಡಲ್ಲ, ವರ್ಷಗಟ್ಟಲೆ ಕೊಟ್ಟಿತು. ಆಮೇಲೆ ಒಂದು ದಿನ ಸುಮಾರು 78 ಸಾವಿರ ಮಾಲೀಕರಿಗೆ ನೋಟಿಸು: ನೀವು ತಪ್ಪು ವಲಯ ಘೋಷಿಸಿದ್ದೀರಿ, ವ್ಯತ್ಯಾಸದ ಹಣ ಕಟ್ಟಿ, ಅದರ ಎರಡರಷ್ಟು ದಂಡ ಕಟ್ಟಿ, ತಿಂಗಳಿಗೆ ಶೇ 2ರಂತೆ ಬಡ್ಡಿಯನ್ನೂ ಕಟ್ಟಿ.

ಇದರ ಭಾರ ತಿಳಿಯಲು 2008ರ ದರದಲ್ಲೇ ಒಂದು ಲೆಕ್ಕ ಮಾಡಿ. ಸಾವಿರ ಚದರಡಿಯ ಸ್ವಂತ ವಾಸದ ಮನೆಗೆ ‘ಡಿ’ ವಲಯದಲ್ಲಿ ಸವಕಳಿ, ಉಪಕರ ಬಿಟ್ಟು ವರ್ಷಕ್ಕೆ 3,200 ರೂಪಾಯಿ, ‘ಸಿ’ಯಲ್ಲಿ 3,600. ವ್ಯತ್ಯಾಸ 400. ಅದರ ಎರಡರಷ್ಟು ದಂಡ 800. ನಾಲ್ಕು ವರ್ಷ ಬಿಟ್ಟು ನೋಟಿಸು ಬಂದರೆ ಆ 400ಕ್ಕೆ ಬಡ್ಡಿ 384. ಒಟ್ಟು 1,584. ನಾನೂರು ರೂಪಾಯಿಯ ಒಂದು ವರ್ಷದ ವ್ಯತ್ಯಾಸ ಹೆಚ್ಚುಕಡಿಮೆ ನಾಲ್ಕು ಪಟ್ಟಾಗಿ ಮನೆ ಬಾಗಿಲಿಗೆ ಬರುತ್ತದೆ. ವಾಣಿಜ್ಯ ಕಟ್ಟಡದ ಮಾಲೀಕರಾದರೆ, ಅಥವಾ ನಾಲ್ಕಾರು ಮನೆ ಕಟ್ಟಿ ಬಾಡಿಗೆಗೆ ಬಿಟ್ಟವರಾದರೆ, ಇದೇ ಲೆಕ್ಕ ಲಕ್ಷಕ್ಕೆ ಮುಟ್ಟುತ್ತದೆ. ತಪ್ಪು ಘೋಷಿಸಿದವರು ಮಾಲೀಕರೇ ಇರಬಹುದು. ಆದರೆ ಬೀದಿಯ ವಲಯ ಮಾಲೀಕ ತನ್ನ ತಲೆಯಿಂದ ಹುಟ್ಟಿಸುವ ಮಾಹಿತಿಯಲ್ಲ. ಅದನ್ನು ಗೊತ್ತು ಮಾಡಿದ್ದು ಪಾಲಿಕೆ, ಅದರ ಪಟ್ಟಿ ಇದ್ದದ್ದು ಪಾಲಿಕೆಯ ಬಳಿ, ಹಳೆಯ ವಲಯ ತುಂಬಿದಾಗ ತಡೆಯಬೇಕಿದ್ದದ್ದು ಪಾಲಿಕೆಯ ತಂತ್ರಾಂಶ. ಇಷ್ಟರ ಮೇಲೂ ‘ಸಹಿ ನಿಮ್ಮದೇ’ ಎನ್ನುವುದು ಸ್ವಯಂ ಘೋಷಣೆಯ ಹೆಸರಿನಲ್ಲಿ ಇಲಾಖೆ ತನ್ನ ಕೆಲಸವನ್ನು ನಮ್ಮ ತಲೆಗೆ ಕಟ್ಟಿ, ತಪ್ಪಾದಾಗ ದಂಡವನ್ನೂ ನಮಗೇ ಕಟ್ಟುವ ಜಾಣತನ.

ಆ ನೋಟಿಸುಗಳಿಗೆ ಎಲ್ಲರೂ ಬಾಯಿ ಮುಚ್ಚಿಕೊಂಡು ದುಡ್ಡು ಕಟ್ಟಿದ್ದರೆ ಏನಾಗುತ್ತಿತ್ತು? ದುಪ್ಪಟ್ಟು ದಂಡದ ಕಾನೂನು ಹಾಗೆಯೇ ಉಳಿಯುತ್ತಿತ್ತು. ಜನ ಗಲಾಟೆ ಮಾಡಿದರು, ಅರ್ಜಿ ಹಾಕಿದರು, ಸಂಘಗಳು ಕಚೇರಿಗಳಿಗೆ ಅಲೆದವು. 2024ರಲ್ಲಿ ಸರ್ಕಾರ ಕಾನೂನಿಗೇ ತಿದ್ದುಪಡಿ ತಂದು ಆ ದಂಡವನ್ನು ಅರ್ಧಕ್ಕಿಳಿಸಿತು. ಅದೇ ವರ್ಷ ಒಂದು ಬಾರಿಯ ಇತ್ಯರ್ಥ ಯೋಜನೆ ತಂದು ಹಳೆಯ ಬಾಕಿಯ ಬಡ್ಡಿಯನ್ನು ಪೂರ್ತಿ ಬಿಟ್ಟಿತು. ಜುಲೈ ಕೊನೆಗೆ ಮುಗಿಯಬೇಕಿದ್ದ ಆ ಯೋಜನೆಯನ್ನು ನವೆಂಬರ್ ಕೊನೆಯವರೆಗೆ ಎಳೆಯಿತು. ಫಲ ಏನಾಯಿತು ನೋಡಿ: 2023–24ರಲ್ಲಿ ಸುಮಾರು 3,900 ಕೋಟಿ ಇದ್ದ ಪಾಲಿಕೆಯ ಆಸ್ತಿ ತೆರಿಗೆ ಸಂಗ್ರಹ 2024–25ರಲ್ಲಿ 4,900 ಕೋಟಿ ದಾಟಿತು. ದರ ಏರಿಸಿ ಬಂದ ಹಣವಲ್ಲ ಇದು. ಬಾಕಿದಾರರನ್ನು ಬೆನ್ನಟ್ಟಿದ್ದು, ಕೆಲವರ ಮನೆ, ಮಳಿಗೆಗಳಿಗೆ ಬೀಗ ಹಾಕಿದ್ದು ಕೂಡ ಕಾರಣ, ಒಪ್ಪುತ್ತೇನೆ. ಆದರೆ ನ್ಯಾಯವಾದ ಮೊತ್ತ ಕೇಳಿದರೆ ಜನ ಕಟ್ಟುತ್ತಾರೆ ಎಂಬುದಕ್ಕೂ ಇದೇ ಸಾಕ್ಷಿ. ತಕರಾರಿನಿಂದ ಬೊಕ್ಕಸ ಬರಿದಾಗುತ್ತದೆ ಎಂದವರು ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಲಿ.

‘ಸುಳ್ಳು ಘೋಷಿಸುವವರಿಗೆ ನಿಮ್ಮ ಬರಹ ಕುಮ್ಮಕ್ಕು’ ಎಂದವರೂ ಇದ್ದಾರೆ. ಬಾಡಿಗೆಗೆ ಕೊಟ್ಟು ಸ್ವಂತ ವಾಸ ಎಂದು ಬರೆಯುವವರು ಬೇಕಾದಷ್ಟಿದ್ದಾರೆ, ದರ ಅರ್ಧಕ್ಕರ್ಧ ಕಡಿಮೆ ಎಂಬ ಆಸೆಗೆ. ಅಂಥವರನ್ನು ಹಿಡಿಯಲು ಪಾಲಿಕೆ ವಿದ್ಯುತ್ ಮೀಟರುಗಳ ಲೆಕ್ಕ ನೋಡಿದರೆ ನನ್ನ ಚಪ್ಪಾಳೆ ಇದೆ. ಸುಳ್ಳುಗಾರ ತನ್ನ ಕಡತವನ್ನು ತಾನೇ ಎತ್ತಿಕೊಂಡು ಹೋಗಿ ಅಧಿಕಾರಿಯ ಮೇಜಿನ ಮೇಲಿಟ್ಟು ‘ಬಂದು ಅಳತೆ ಮಾಡಿ’ ಎನ್ನುವುದಿಲ್ಲ. ತಕರಾರು ಸಲ್ಲಿಸುವವನು ಹಾಗೆ ಹೇಳುತ್ತಾನೆ. ಇಷ್ಟು ಸಾಕು ಈ ಮಾತಿಗೆ. ಒಂದನ್ನು ಮಾತ್ರ ಸೇರಿಸುತ್ತೇನೆ: ಒಂದೇ ಮನೆಗೆ ಎರಡು ಮೀಟರಿದ್ದರೆ ಮೇಲಿನ ಮಹಡಿಯಲ್ಲಿ ಬಾಡಿಗೆದಾರನಿದ್ದಾನೆ ಎಂದು ಅರ್ಥವಲ್ಲ. ಅಣ್ಣ ಕೆಳಗೆ, ತಮ್ಮ ಮೇಲೆ ಇರುವ ಮನೆಗಳು ಬಸವನಗುಡಿಯಿಂದ ರಾಜಾಜಿನಗರದ ತನಕ ಸಾಲು ಸಾಲು ಇವೆ. ಮೀಟರು ಅನುಮಾನಕ್ಕೆ ಆಧಾರ, ತೀರ್ಮಾನಕ್ಕಲ್ಲ. ಅನುಮಾನವನ್ನು ತೀರ್ಮಾನ ಮಾಡುವ ಮುಂಚೆ ಮನೆಯವರ ಮಾತು ಕೇಳುವುದಕ್ಕೇ ತಕರಾರಿನ ಅವಕಾಶ ಇರುವುದು.

ಷಿಕಾಗೋದ ಉದಾಹರಣೆ ಕೊಟ್ಟ ಓದುಗರ ಮಾತು ನನ್ನನ್ನು ನಿಜಕ್ಕೂ ಯೋಚನೆಗೆ ಹಚ್ಚಿತು. ಷಿಕಾಗೋ ಇರುವ ಕುಕ್ ಕೌಂಟಿಯಲ್ಲಿ ಆಸ್ತಿಯ ಮೌಲ್ಯ ನಿರ್ಧಾರದ ವಿರುದ್ಧ ಮೇಲ್ಮನವಿ ಹೋಗುವುದೇ ಒಂದು ದೊಡ್ಡ ದಂಧೆಯಾಗಿತ್ತು. 2017ರಲ್ಲಿ ಷಿಕಾಗೋ ಟ್ರಿಬ್ಯೂನ್ ಪತ್ರಿಕೆ ತನಿಖೆ ನಡೆಸಿ ಬರೆದದ್ದೇನೆಂದರೆ, ಬಡವರ ಅಗ್ಗದ ಮನೆಗಳಿಗೆ ನಿಜ ಬೆಲೆಗಿಂತ ಹೆಚ್ಚು ಮೌಲ್ಯ ಕಟ್ಟಿದ್ದಾರೆ, ಸಿರಿವಂತರ ದುಬಾರಿ ಮನೆಗಳಿಗೆ ಕಡಿಮೆ ಕಟ್ಟಿದ್ದಾರೆ. ಮೇಲ್ಮನವಿ ಈ ಅಂತರವನ್ನು ಇನ್ನೂ ಹಿಗ್ಗಿಸಿದೆ, ಏಕೆಂದರೆ ವಕೀಲರನ್ನು ಹಿಡಿದು ಮೇಲ್ಮನವಿ ಹೋಗುವವರು ಉಳ್ಳವರೇ. ‘ನೀವು ಬೆಂಗಳೂರಿಗೆ ಅದನ್ನೇ ತರಲು ಹೊರಟಿದ್ದೀರಿ’ ಎಂದು ಆ ಓದುಗರು ಬರೆದಿದ್ದಾರೆ.

ಅವರು ಹೇಳಿದ ಅಪಾಯ ಇಲ್ಲವೆನ್ನಲಾರೆ. ಇಲ್ಲಿಯೂ ಮಾಲ್, ಟೆಕ್ ಪಾರ್ಕಿನ ಒಡೆಯರಿಗೆ ಲೆಕ್ಕಪರಿಶೋಧಕರಿದ್ದಾರೆ, ವಕೀಲರಿದ್ದಾರೆ. ಪಾಲಿಕೆ ಟೋಟಲ್ ಸ್ಟೇಷನ್ ಉಪಕರಣದಿಂದ ಸರ್ವೆ ಮಾಡಿ ಲಕ್ಷಾಂತರ ಚದರಡಿ ಮುಚ್ಚಿಟ್ಟದ್ದನ್ನು ಪತ್ತೆ ಹಚ್ಚಿದ ಮೇಲೂ ವರ್ಷಗಟ್ಟಲೆ ವ್ಯಾಜ್ಯ ನಡೆಸುವ ತಾಕತ್ತು ಅವರಿಗಿದೆ. ಆದರೆ ಷಿಕಾಗೋದ ಕಥೆಯನ್ನು ಪೂರ್ತಿ ಓದಿದರೆ ಮೂಲ ರೋಗ ಮೇಲ್ಮನವಿಯಲ್ಲಿಲ್ಲ, ಮೊದಲ ಮೌಲ್ಯ ನಿರ್ಧಾರದಲ್ಲೇ ಇದೆ ಎಂದು ಗೊತ್ತಾಗುತ್ತದೆ. ಬಡವರ ಮನೆಗೆ ಹೆಚ್ಚು ಬರೆದದ್ದು ಯಾವ ವಕೀಲನೂ ಅಲ್ಲ, ಸರ್ಕಾರಿ ಕಚೇರಿ. ಆ ತನಿಖೆ ಹೊರಬಂದ ಮರುವರ್ಷ ಅಲ್ಲಿನ ಮೌಲ್ಯಮಾಪಕ ಜೋಸೆಫ್ ಬೆರಿಯಸ್ ತಮ್ಮದೇ ಪಕ್ಷದ ಪ್ರಾಥಮಿಕ ಚುನಾವಣೆಯಲ್ಲಿ ಸೋತು ಮನೆಗೆ ಹೋದರು. ಅಲ್ಲಿ ಮೌಲ್ಯಮಾಪಕನನ್ನು ಜನರೇ ಚುನಾಯಿಸುತ್ತಾರೆ. ನಮ್ಮ ಸಹಾಯಕ ಕಂದಾಯ ಅಧಿಕಾರಿಯನ್ನು ಸೋಲಿಸಲು ನಮಗೆ ಯಾವ ಮತವೂ ಇಲ್ಲ. ಇರುವುದು ಒಂದು ಹಾಳೆಯ ತಕರಾರು ಅರ್ಜಿ. ಉಳ್ಳವರು ಮಾತ್ರ ಅದನ್ನು ಬಳಸುತ್ತಿದ್ದಾರೆ ಎಂಬುದು ಸಮಸ್ಯೆಯಾದರೆ, ಶ್ರೀರಾಂಪುರದ ಎರಡು ಚದರದ ಮನೆಯವರೂ ಅದನ್ನು ಬಳಸುವಂತೆ ಮಾಡುವುದು ಪರಿಹಾರ. ನಾನು ಬರೆದದ್ದು ಅದಕ್ಕಾಗಿಯೇ. ನೋಟಿಸನ್ನು ಕನ್ನಡದಲ್ಲಿ ಅರ್ಥವಾಗುವಂತೆ ಬರೆಯಲಿ, ಅಳತೆ, ವಲಯ, ವಯಸ್ಸು, ಬಳಕೆ ಈ ನಾಲ್ಕರಲ್ಲಿ ಯಾವುದು ತಪ್ಪೆಂದು ಅದರಲ್ಲೇ ಸ್ಪಷ್ಟವಾಗಿ ತೋರಿಸಲಿ. ವಕೀಲರ ಅಗತ್ಯವೇ ಬೀಳದು.

‘ಅಧಿಕಾರಿಗಳ ಸಮಯ ಹಾಳು, ಕೋರ್ಟಿನ ಸಮಯ ಹಾಳು’ ಎಂಬುದು ನಿವೃತ್ತ ಅಧಿಕಾರಿಗಳ ಮತ್ತೊಂದು ದೂರು. ಈ ದೇಶದಲ್ಲಿ ಭೂಮಿ, ಕಟ್ಟಡದ ಮೇಲಿನ ತೆರಿಗೆಯ ಕಾನೂನು ಇವತ್ತು ಒಂದಿಷ್ಟು ನ್ಯಾಯವಾಗಿದ್ದರೆ ಅದು ತಕರಾರು ಹೂಡಿದವರಿಂದಲೇ. ಕಾನೂನಿನ ಆಧಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸುವಂತಿಲ್ಲ, ವಸೂಲು ಮಾಡುವಂತಿಲ್ಲ ಎಂದು ಸಂವಿಧಾನದ 265ನೇ ವಿಧಿ ಹೇಳುತ್ತದೆ. ಅದರ ಅರ್ಥ ಎಷ್ಟು ದೂರ ಹೋಗುತ್ತದೆ ಎಂದು ತೋರಿಸಿದ್ದು ಕೇರಳದ ಒಂದು ವ್ಯಾಜ್ಯ. 1955ರ ತಿರುವಾಂಕೂರು–ಕೊಚ್ಚಿ ಭೂತೆರಿಗೆ ಕಾಯ್ದೆ ಫಲವತ್ತಾದ ಗದ್ದೆಯೋ ಬರಡು ಕಾಡೋ ನೋಡದೆ ಎಕರೆಗೆ ಎರಡು ರೂಪಾಯಿ ಎಂದು ಒಂದೇ ದರ ಹೇರಿತ್ತು. ಮೂಪಿಲ್ ನಾಯರ್ ಎಂಬ ಜಮೀನ್ದಾರರ ಕಾಡಿನಿಂದ ವರ್ಷಕ್ಕೆ ಬರುತ್ತಿದ್ದದ್ದು ಮೂರು ಸಾವಿರ ಚಿಲ್ಲರೆ. ತೆರಿಗೆ ಬಂದದ್ದು ಐವತ್ತು ಸಾವಿರಕ್ಕೂ ಮಿಕ್ಕಿ. ಸುಪ್ರೀಂ ಕೋರ್ಟು 1961ರಲ್ಲಿ ಆ ಕಾಯ್ದೆಯನ್ನೇ ರದ್ದು ಮಾಡಿತು. ಅಸಮಾನರನ್ನು ಒಂದೇ ಕೋಲಿನಿಂದ ಅಳೆದದ್ದು ಒಂದು ಕಾರಣ. ನಮ್ಮ ಚರ್ಚೆಗೆ ಮುಖ್ಯವಾದದ್ದು ಇನ್ನೊಂದು ಕಾರಣ: ತೆರಿಗೆ ನಿರ್ಧರಿಸುವ ಮುಂಚೆ ನೋಟಿಸು ಕೊಡಬೇಕು, ಆಕ್ಷೇಪಣೆ ಕೇಳಬೇಕು, ತಪ್ಪನ್ನು ತಿದ್ದಲು ದಾರಿ ಇರಬೇಕು ಎಂಬ ಏರ್ಪಾಡೇ ಆ ಕಾಯ್ದೆಯಲ್ಲಿ ಇರಲಿಲ್ಲ. ನಿವೃತ್ತ ಅಧಿಕಾರಿಗಳು ಸಮಯ ಹಾಳು ಎನ್ನುವ ಆ ಆಕ್ಷೇಪಣೆ ತೆರಿಗೆ ಕಾಯ್ದೆ ನಿಲ್ಲಲು ಬೇಕಾದ ಕಂಬಗಳಲ್ಲಿ ಒಂದು ಎಂದು 1961ರಲ್ಲೇ ತೀರ್ಮಾನವಾಗಿದೆ.

ಕೆಲವು ವರ್ಷಗಳ ನಂತರ ಮತ್ತೆ ಕೇರಳದ್ದೇ ಸರದಿ. ಕಟ್ಟಡ ಪಟ್ಟಣದಲ್ಲಿದೆಯೋ ಹಳ್ಳಿಯಲ್ಲಿದೆಯೋ, ಯಾವ ಬಳಕೆಯದು ಎಂದು ಕೇಳದೆ ಬರೀ ನೆಲದ ವಿಸ್ತೀರ್ಣದ ಮೇಲೆ ಹಾಕಿದ ಕಟ್ಟಡ ತೆರಿಗೆಯನ್ನು ಸುಪ್ರೀಂ ಕೋರ್ಟು ಒಪ್ಪಲಿಲ್ಲ. ನಮ್ಮಲ್ಲಿ ವಲಯ, ಬಳಕೆ, ಸವಕಳಿ ಎಂದೆಲ್ಲ ಲೆಕ್ಕ ಇರುವುದು ಯಾರದೋ ಔದಾರ್ಯವಲ್ಲ, ಇಂಥ ತೀರ್ಪುಗಳ ಭಯ. ಇತ್ತೀಚಿನದ್ದು ಬೇಕೆಂದರೆ ಮುಂಬೈ ನೋಡಿ. ಅಲ್ಲಿನ ಪಾಲಿಕೆ ಬಂಡವಾಳ ಮೌಲ್ಯದ ಪದ್ಧತಿಗೆ ಹೋದಾಗ, ಜಾಗದಲ್ಲಿ ಇವತ್ತು ಇರುವ ಕಟ್ಟಡವನ್ನು ನೋಡದೆ ಮುಂದೆ ಎಷ್ಟು ಮಹಡಿ ಎಬ್ಬಿಸಬಹುದು ಎಂಬ ಸಾಧ್ಯತೆಗೂ ತೆರಿಗೆ ಲೆಕ್ಕ ಹಾಕುವ ನಿಯಮ ಮಾಡಿತು. ಮಾಲೀಕರ ಸಂಘ ತಕರಾರು ಎತ್ತಿತು. ಬಾಂಬೆ ಹೈಕೋರ್ಟು ಆ ನಿಯಮಗಳನ್ನು ರದ್ದು ಮಾಡಿತು, 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿ ಹಿಡಿಯಿತು.

ಮುಂಬೈ ಮಾತು ಯಾಕೆ ಬಂತೆಂದರೆ, ಇಲ್ಲಿಯೂ ಗಾಳಿ ಆ ಕಡೆಗೇ ಬೀಸುತ್ತಿದೆ. 2024ರ ಫೆಬ್ರುವರಿಯಲ್ಲಿ ಪಾಲಿಕೆ ಹೊರಡಿಸಿದ ಕರಡು ಅಧಿಸೂಚನೆ ಮನೆ ಕಂದಾಯವನ್ನು ನೇರವಾಗಿ ಮಾರ್ಗಸೂಚಿ ದರಕ್ಕೆ ಜೋಡಿಸಲು ಹೊರಟಿತ್ತು. ಆಕ್ಷೇಪಣೆಗಳು ಬಂದವು, ಆ ವರ್ಷದ ಕಂದಾಯ ಹಳೆಯ ಪದ್ಧತಿಯಲ್ಲೇ ಉಳಿಯಿತು. ಇದನ್ನು ಮೆಚ್ಚಿಕೊಳ್ಳುವವರ ವಾದ ಹೀಗೆ: ಮಾರ್ಗಸೂಚಿ ದರ ಸರ್ಕಾರವೇ ಪ್ರಕಟಿಸುವ ಅಂಕಿ, ಕಂಪ್ಯೂಟರೇ ಗುಣಿಸಿಕೊಡುತ್ತದೆ, ಇನ್ನು ತಪ್ಪೆಲ್ಲಿ, ತಕರಾರೆಲ್ಲಿ? ಮಾರ್ಗಸೂಚಿ ದರ ಒಂದು ಬೀದಿಗೆ, ಒಂದು ಬಡಾವಣೆಗೆ ಹಾಕಿದ ಸರಾಸರಿ. ಅದೇ ಬೀದಿಯಲ್ಲಿ ಮುಖ್ಯ ರಸ್ತೆಗೆ ತೆರೆದುಕೊಂಡ ಮೂಲೆ ನಿವೇಶನವೂ ಇರುತ್ತದೆ, ರಾಜಕಾಲುವೆಯ ಪಕ್ಕ ಮಳೆಗಾಲದಲ್ಲಿ ಮುಳುಗುವ ಮನೆಯೂ ಇರುತ್ತದೆ. ಎರಡಕ್ಕೂ ಒಂದೇ ದರವೆಂದರೆ ತಪ್ಪು ಆ ಪಟ್ಟಿಯೊಳಗೇ ಕೂತಿದೆ. ಮೇಲಾಗಿ 2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಮಾರ್ಗಸೂಚಿ ದರ ಸರಾಸರಿ ಶೇ 30ರ ಆಸುಪಾಸು ಏರಿತು. ಅದನ್ನು ಏರಿಸಿದ್ದು ನೋಂದಣಿಯ ಆದಾಯ ಹೆಚ್ಚಲಿ ಎಂದು. ಮನೆ ಮಾರುವವನಿಗೆ, ಕೊಳ್ಳುವವನಿಗೆ ತಟ್ಟುವ ಅಂಕಿಯನ್ನು ತಾತನ ಕಾಲದ ಮನೆಯಲ್ಲಿ ಪಿಂಚಣಿಯಲ್ಲಿ ದಿನ ನೂಕುವವರ ಮೇಲೆ ಪ್ರತಿ ವರ್ಷ ಹೇರುವುದಾದರೆ, ಆ ಅಂಕಿ ಸರಿಯೇ ಎಂದು ಕೇಳುವ ಹಕ್ಕು ಅವರಿಗೆ ಇರಲೇಬೇಕು. ರಾಜ್ಯದ ಬೇರೆ ಊರುಗಳ ಪಾಲಿಕೆ, ನಗರಸಭೆ, ಪುರಸಭೆಗಳಲ್ಲಿ ಕಂದಾಯವನ್ನು ಆಗಲೇ ಮಾರ್ಗಸೂಚಿ ದರಕ್ಕೆ ಜೋಡಿಸಿ, ವರ್ಷ ವರ್ಷ ಏರಿಸುತ್ತ ಹೋಗುವ ಕ್ರಮ ಬಂದಿದೆ. ಹದಿನೈದನೇ ಹಣಕಾಸು ಆಯೋಗವೂ ಅನುದಾನ ಬೇಕಿದ್ದರೆ ಆಸ್ತಿ ತೆರಿಗೆಯ ಕನಿಷ್ಠ ದರ ಪ್ರಕಟಿಸಿ, ಸಂಗ್ರಹವನ್ನು ರಾಜ್ಯದ ಆರ್ಥಿಕ ಬೆಳವಣಿಗೆಯ ಜೊತೆ ಏರಿಸುತ್ತ ಹೋಗಿ ಎಂದು ಷರತ್ತು ಹಾಕಿದೆ. ಏರಿಕೆ ನಿಲ್ಲುವುದಿಲ್ಲ ಎಂಬುದು ಖಚಿತ. ಹಾಗಾಗಿ ಇವತ್ತಿನ ತಪ್ಪು ಅಳತೆ ನಾಳೆಗೂ ಹೋಗುತ್ತದೆ, ಬೆಳೆಯುತ್ತ ಹೋಗುತ್ತದೆ.

ಕೊನೆಗೆ ಗುಂಡಿಯ ಮಾತು. ಊರಿಗೆ ಹಣ ಬೇಕು, ನೀವು ತಕರಾರು ಮಾಡಿದರೆ ರಸ್ತೆ ಯಾರು ಹಾಕುತ್ತಾರೆ, ಕಸ ಯಾರು ಎತ್ತುತ್ತಾರೆ? ಕಸದ್ದನ್ನೇ ತೆಗೆದುಕೊಳ್ಳೋಣ. 2025ರ ಏಪ್ರಿಲ್‌ನಿಂದ ಕಂದಾಯದ ಜೊತೆಗೆ ಕಸದ ಶುಲ್ಕ ಬೇರೆಯಾಗಿ ಬರುತ್ತಿದೆ: 600 ಚದರಡಿಯೊಳಗಿನ ಮನೆಗೆ ತಿಂಗಳಿಗೆ 10 ರೂಪಾಯಿ, ಸಾವಿರದವರೆಗೆ 50, ಎರಡು ಸಾವಿರದವರೆಗೆ 100, ಹೀಗೆ 4,000 ದಾಟಿದರೆ 400. ‘ಡಿ’ ವಲಯದಲ್ಲಿ 1,200 ಚದರಡಿಯ ಸ್ವಂತ ವಾಸದ ಮನೆಗೆ 2016ರ ಏರಿಕೆ ಸೇರಿ ತೆರಿಗೆ, ಸವಕಳಿ ಕಳೆಯುವ ಮುಂಚೆ, ಸುಮಾರು ನಾಲ್ಕೂವರೆ ಸಾವಿರ. ಅದರ ಮೇಲೆ ಕಸಕ್ಕೆ 1,200. ಹೆಚ್ಚುಕಡಿಮೆ ಕಾಲು ಭಾಗ. ಮನೆ ಹಳೆಯದಾದಷ್ಟೂ ತೆರಿಗೆ ಇಳಿಯುತ್ತದೆ, ಈ ಶುಲ್ಕ ಇಳಿಯುವುದಿಲ್ಲ. ಇಲ್ಲಿಯೂ ಹಂತ ಗೊತ್ತಾಗುವುದು ವಿಸ್ತೀರ್ಣದಿಂದಲೇ. ನಿಮ್ಮ 980 ಚದರಡಿ ಕಡತದಲ್ಲಿ 1,080 ಆಗಿದ್ದರೆ ಕಂದಾಯವೂ ಹೆಚ್ಚು, ಕಸದ ಶುಲ್ಕವೂ ದುಪ್ಪಟ್ಟು.

ಇದನ್ನೆಲ್ಲ ತೀರ್ಮಾನಿಸಿದವರು ಯಾರು? ಬೆಂಗಳೂರಿನ ಕೊನೆಯ ಚುನಾಯಿತ ಪರಿಷತ್ತಿನ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಆಮೇಲೆ ಕಾರ್ಪೊರೇಟರುಗಳಿಲ್ಲದೆ ಆಡಳಿತಾಧಿಕಾರಿಗಳ ಕೈಯಲ್ಲೇ ಐದು ವರ್ಷ ಕಳೆಯಿತು. 2025ರ ಸೆಪ್ಟೆಂಬರ್ 2ರಂದು ಬಿಬಿಎಂಪಿಯ ಜಾಗದಲ್ಲಿ ಐದು ನಗರ ಪಾಲಿಕೆಗಳು ಬಂದಾಗಲೂ ಅಧಿಕಾರಿಗಳೇ ಬಂದು ಕೂತರು. ನೋಟಿಸು ಹಿಡಿದು ಹೋಗಿ ಜಗಳವಾಡಲು ವಾರ್ಡಿಗೊಬ್ಬ ಪ್ರತಿನಿಧಿಯೂ ಇಲ್ಲದ ಇಷ್ಟು ವರ್ಷ ಜನರ ಕೈಯಲ್ಲಿ ಉಳಿದದ್ದು ಅರ್ಜಿಯೊಂದೇ. ಪದಾಧಿಕಾರಿಗಳು ಗುಂಡಿಯ ಲೆಕ್ಕ ಕೇಳುವುದಿದ್ದರೆ, ಸಂಗ್ರಹವಾದ 4,900 ಕೋಟಿಯನ್ನು ಮುಂದಿಟ್ಟುಕೊಂಡು ಕೇಳಲಿ. ಪಕ್ಕದ ಮನೆಯವರು ತಿದ್ದಿಸಿಕೊಂಡ ನಾನೂರು ರೂಪಾಯಿಯಲ್ಲಿ ಆ ಗುಂಡಿ ಇಲ್ಲ.

ಒಂದು ಟೀಕೆಯನ್ನು ಅರ್ಧ ಒಪ್ಪುತ್ತೇನೆ. ‘ತಕರಾರು ಹಾಕಿದೆನಲ್ಲ’ ಎಂದು ಕಂದಾಯವನ್ನೇ ಕಟ್ಟದೆ ಕೂರುವವರಿದ್ದಾರೆ, ಅದು ಸರಿಯಲ್ಲ ಎಂದು ಒಬ್ಬರು ಬರೆದಿದ್ದಾರೆ. ಸರಿಯಲ್ಲ, ಜಾಣತನವೂ ಅಲ್ಲ. ನಿಮ್ಮ ಲೆಕ್ಕದಲ್ಲಿ ನ್ಯಾಯವಾದ ಮೊತ್ತ ಎಷ್ಟೋ ಅಷ್ಟನ್ನು ಗಡುವಿನೊಳಗೆ ಕಟ್ಟಿಬಿಡಿ. ವಿವಾದವಿರುವ ವ್ಯತ್ಯಾಸದ ಮೇಲೆ ಮಾತ್ರ ತಕರಾರು ಇರಲಿ. ಬಾಕಿ ಉಳಿಸಿದರೆ ಅದರ ಮೇಲೆ ದಂಡ, ಬಡ್ಡಿ ಓಡುತ್ತಲೇ ಇರುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಹಾಗೆ ಮೇಜಿನ ಹಿಂದಿನವರು ‘ಇದೆಲ್ಲ ಆಗಲ್ಲ, ಮೊದಲು ಪೂರ್ತಿ ಕಟ್ಟಿ’ ಎನ್ನಬಹುದು. ಆಗಲೂ ಅರ್ಜಿ ಒಪ್ಪಿಸಿ ಮುದ್ರೆ ಒತ್ತಿಸಿಕೊಳ್ಳದೆ ಬರಬೇಡಿ. ‘ನಾನು ಮಾಡಿಸಿಕೊಡ್ತೀನಿ ಸಾರ್’ ಎಂದು ಕಚೇರಿ ಮೆಟ್ಟಿಲಲ್ಲಿ ನಿಂತವರಿಗೆ ಕಾಗದ ಕೊಡಬೇಡಿ.

ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಈ ಏಪ್ರಿಲ್‌ನಲ್ಲಿ ರಿಯಾಯಿತಿಯ ಅವಸರದಲ್ಲಿ ಕಟ್ಟುವ ಮುಂಚೆ ಹೋದ ವರ್ಷದ ರಸೀದಿ, ಕ್ರಯಪತ್ರ, ಕಟ್ಟಡದ ನಕ್ಷೆ ಮೂರನ್ನೂ ಪಕ್ಕಪಕ್ಕ ಇಟ್ಟು ಅಳತೆ, ವಲಯ, ಕಟ್ಟಡದ ವಯಸ್ಸು, ಬಳಕೆ ನಾಲ್ಕನ್ನೂ ತಾಳೆ ನೋಡಿ. ಏನೂ ಬದಲಾಗಿರದಿದ್ದರೆ ಫಾರಂ 4, ಬದಲಾಗಿದ್ದರೆ ಫಾರಂ 5. ಮಹಡಿ ಏರಿಸಿ, ಬಾಡಿಗೆಗೆ ಕೊಟ್ಟು ಫಾರಂ 4 ತುಂಬಬೇಡಿ, ಆಮೇಲೆ ನಿಮ್ಮ ತಕರಾರಿಗೆ ಬೆಲೆ ಇರುವುದಿಲ್ಲ. ನೋಟಿಸು ಬಂದರೆ ಅದರಲ್ಲಿ ಕೊಟ್ಟ ಗಡುವಿನೊಳಗೆ ಬರಹದಲ್ಲೇ ಉತ್ತರ ಕೊಡಿ, ಜಾಗ ಪರಿಶೀಲಿಸಿ ಎಂದು ಕೇಳಿ, ಒಂದು ಪ್ರತಿ ನಿಮ್ಮ ಬಳಿ ಇಟ್ಟುಕೊಳ್ಳಿ.